ತೊಬಿಸೆ ಕೋಟೆಯ ನಲವತ್ತು ಮಾರು ಪರದೆ

ತೊಬಿಸೆ ಬಂದರಿನ ಬಾಯಿ ಎಷ್ಟು ಕಿರಿದೆಂದರೆ, ಅಣ್ಣನ ಮೂತಿಯ ಮೇಲೆ ನಿಂತು ಜಗಳ ತೆಗೆದವಳಿಗೆ ತಂಗಿಯ ಮೂತಿಯಿಂದ ಮಾತಿಗೆ ಮಾತು ತಪ್ಪದೆ ಉತ್ತರ ಬರುತ್ತಿತ್ತು. ಅಣ್ಣ, ತಂಗಿ ಅಂದರೆ ಮನುಷ್ಯರಲ್ಲ, ಕಡಲಿಗೆ ಮೂತಿ ಚಾಚಿ ಎದುರುಬದುರು ಕೂತ ಎರಡು ಕಲ್ಲುಗುಡ್ಡಗಳು. ತಂಗಿಯ ನೆತ್ತಿಯ ಮೇಲೆ ಒಂದೇ ಒಂದು ವಾಲಿದ ಪೈನ್ ಮರ, ಅಣ್ಣನ ನೆತ್ತಿಯ ಮೇಲೆ ಕೋಟೆ. ಇಬ್ಬರ ನಡುವೆ ಉಬ್ಬರ ಇಳಿತದ ನೀರು ಮಳೆಗಾಲದ ಹೊಳೆಯಂತೆ ನುಗ್ಗುತ್ತದೆ. ಸಂಜೆಯ ಬಿಸಿಲು ಆ ಬಾಯಿಯೊಳಗಿಂದ ನೇರ ಊರಿಗೆ ಬಂದು ಬೀಳುವಾಗ ಒಣಗಲು ಹಾಕಿದ ಬಂಗಡೆಗೂ ಒಂದು ಕಳೆ ಬರುತ್ತದೆ.

ಯೋನೆ ಹುಟ್ಟಿದ್ದು ತಂಗಿಯ ಕಡೆ ಬೆಸ್ತರ ಮನೆಯಲ್ಲಿ, ಮದುವೆಯಾಗಿ ಬಂದದ್ದು ಅಣ್ಣನ ಕಡೆ ಬಣ್ಣಗಾರರ ಮನೆಗೆ. ದೋಣಿದಾರಿ ಎಷ್ಟು ಚಿಕ್ಕದಾಗಿತ್ತೆಂದರೆ ಅಳುವುದಕ್ಕೂ ಪುರಸೊತ್ತಾಗಲಿಲ್ಲ, ಮೂಗು ಒರೆಸಿಕೊಳ್ಳುವಷ್ಟರಲ್ಲಿ ಅತ್ತೆಮನೆ ಬಂದುಬಿಟ್ಟಿತು ಎಂದು ಮುಪ್ಪಿನ ತನಕ ಹೇಳಿಕೊಂಡು ನಗುತ್ತಿದ್ದಳು. ಆಗ ಅವಳಿಗೆ ಹತ್ತೊಂಬತ್ತು. ಹುಟ್ಟು ಹಾಕಿ ಬೆಳೆದ ತೋಳುಗಳು, ಗಾಳಿಯಲ್ಲಿ ಕೂಗಿ ಅಭ್ಯಾಸವಾದ ದನಿ. ಆರು ತಿಂಗಳು ಕಳೆಯುವುದರೊಳಗೆ ಕೈಗಳು ಮಣಿಕಟ್ಟಿನ ತನಕ ನೀಲಿಯಾದವು, ಮತ್ತೆ ಬೆಳ್ಳಗಾಗಲೇ ಇಲ್ಲ. ಗಂಡ ಜಿನ್‌ಪಾಚಿ ಒಳ್ಳೆಯ ಕೆಲಸಗಾರ, ಆದರೆ ಬಾಯಿ ಬಿಟ್ಟರೆ ಬಣ್ಣ ಕೆಡುತ್ತದೆ ಎಂದು ನಂಬಿದವನಂತೆ ಇರುತ್ತಿದ್ದ. ಮನೆಯ ಮಾತಿನ ಖಾತೆಯನ್ನೆಲ್ಲ ಅತ್ತೆ ತೋಕು ಒಬ್ಬಳೇ ನೋಡಿಕೊಳ್ಳುತ್ತಿದ್ದಳು.

ಆ ಮನೆಗೆ ಎರಡು ಕೆಲಸ. ಒಂದು, ಊರಿನ ಮದುಮಗಳಿಗೆಲ್ಲ ಮದುವೆ ಹೊದಿಕೆಗೆ ಬಣ್ಣ ಹಾಕಿಕೊಡುವುದು. ದಟ್ಟ ನೀಲಿಯ ಮೇಲೆ ಕೊಕ್ಕರೆ, ಕಡಲಾಮೆ, ಬಿದಿರು, ಸಿಗಡಿ, ಯಾರಿಗೆ ಏನು ಬೇಕೋ ಅದು. ಇನ್ನೊಂದು, ಕೋಟೆಯ ಪರದೆಗೆ ಬಣ್ಣ ಹಾಕಿ, ತೊಳೆದು ನೋಡಿಕೊಳ್ಳುವುದು. ಗೋಡೆಯ ಉದ್ದಕ್ಕೂ ಇಳಿಬಿಟ್ಟ ನಲವತ್ತು ಮಾರು ಸೆಣಬಿನ ದಪ್ಪ ಬಟ್ಟೆ, ಒಂದು ಪಟ್ಟೆ ಬಿಳಿ, ಒಂದು ಪಟ್ಟೆ ನೀಲಿ, ನಡುನಡುವೆ ದೊರೆಯ ಬೀಸಣಿಗೆಯ ಗುರುತು. ಕೋಟೆಗೆ ಪರದೆ ಕಟ್ಟುವುದು ಆ ಸೀಮೆಯಲ್ಲೆಲ್ಲ ಇದ್ದ ಪದ್ಧತಿ. ಒಳಗೆ ಎಷ್ಟು ತೋಪು, ಎಷ್ಟು ಜನ ಎಂದು ಹೊರಗಿನವರಿಗೆ ಲೆಕ್ಕ ಸಿಗಬಾರದು.

ತೊಬಿಸೆಯಲ್ಲಿ ಅದಕ್ಕೆ ಇನ್ನೂ ಒಳ್ಳೆಯ ಕಾರಣವಿತ್ತು. ಇನ್ನೂರು ವರ್ಷದ ಹಿಂದೆ ಒಂದು ಪರಂಗಿ ಹಡಗು ದಾರಿತಪ್ಪಿ ಬಂದರೊಳಗೆ ನುಗ್ಗಿ, ಕುಡಿಯುವ ನೀರು ತುಂಬಿಕೊಂಡು, ಹೇಳದೆ ಕೇಳದೆ ಹೊರಟುಹೋಗಿತ್ತಂತೆ. ಆಗಿನ ದೊರೆಗೆ ಅದು ಭಾರಿ ಅವಮಾನವಾಗಿ, ಊರವರ ಹೆಗಲ ಮೇಲೆ ಕಲ್ಲು ಹೊರಿಸಿ ಹದಿನಾಲ್ಕು ಕಿಂಡಿಗಳ ಕೋಟೆ ಕಟ್ಟಿಸಿದ. ಕಿಂಡಿ ಹದಿನಾಲ್ಕಾದರೂ ಬಂದ ತೋಪು ಐದು. ಅದರಲ್ಲಿ ಎರಡು ಮೊದಲ ದಿನವೇ ಸಿಡಿದು ಹೋಳಾದವು, ಒಂದನ್ನು ದೊರೆಯ ಊರಿನ ಹೆಬ್ಬಾಗಿಲಿಗೆ ಅಲಂಕಾರಕ್ಕೆ ಒಯ್ದರು. ಉಳಿದ ಎರಡರಲ್ಲಿ ಒಂದರ ಬಾಯಲ್ಲಿ ಗುಬ್ಬಿಗಳು ತಲೆಮಾರುಗಳಿಂದ ಸಂಸಾರ ಹೂಡಿದ್ದವು. ಆಮೇಲೆ ಬಂದ ದೊರೆಗಳು ಹತ್ತು ವರ್ಷಕ್ಕೊಮ್ಮೆ ಹೊಸ ಪರದೆಗೆ ಬಟ್ಟೆ ಕಳಿಸಿದರೇ ಹೊರತು ತೋಪು ಕಳಿಸಲಿಲ್ಲ.

ಯೋನೆ ಬಂದ ಕಾಲಕ್ಕೆ ಕೋಟೆಯ ಅಧಿಕಾರಿಯಾಗಿದ್ದವನು ಹೇನಾಯ್ ಎಂಬ ಸಮುರಾಯ್. ನಲವತ್ತು ದಾಟಿದ, ಹೆಂಡತಿ ಮಕ್ಕಳಿಲ್ಲದ ಸಾಧು ಮನುಷ್ಯ. ಸೊಂಟದಲ್ಲಿ ಎರಡು ಕತ್ತಿ ಇದ್ದರೂ ಕೈಯಲ್ಲಿ ಯಾವಾಗಲೂ ಕಳೆ ಕೀಳುವ ಕುಡುಗೋಲು. ಒಂಬತ್ತನೇ ಕಿಂಡಿಗೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುತ್ತದೆ, ತೋಪಂತೂ ಇಲ್ಲ, ಜಾಗ ಯಾಕೆ ಹಾಳುಬೀಳಬೇಕು ಎಂದು ಅಲ್ಲಿ ಮಣ್ಣು ತುಂಬಿ ಬದನೆ ಹಾಕಿದ್ದ. ಅಂಥ ಬದನೆ ಇಡೀ ಸೀಮೆಯಲ್ಲಿ ಇರಲಿಲ್ಲ. ಕೋಟೆಯ ಗುಟ್ಟು ಊರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಪ್ರತಿ ಹೊಸ ವರ್ಷ ಹೇನಾಯ್ ‘ತೋಪು ಹದಿನಾಲ್ಕು, ಎಲ್ಲವೂ ಕ್ಷೇಮ’ ಎಂದು ಬರೆದು ದೊರೆಗೆ ಕಳಿಸುತ್ತಿದ್ದ. ಹಿಂದಿನವರು ಹಾಗೇ ಬರೆದಿದ್ದರು, ಅವನೂ ಬರೆದ.

ಈ ಗುಟ್ಟು ಕಾಯುವುದಕ್ಕೆಂದೇ ಒಂದು ಕಟ್ಟಳೆಯಿತ್ತು. ವರ್ಷಕ್ಕೊಮ್ಮೆ, ಆಷಾಢದ ಜಡಿಮಳೆ ಮುಗಿದು ಬಿಸಿಲು ಬಲಿತಾಗ, ಪರದೆ ಬಿಚ್ಚಿ ತೊಳೆಯಬೇಕು. ಆ ದಿನಗಳಲ್ಲಿ ಊರಿನ ಯಾರೂ ಕೋಟೆಯ ಕಡೆ ತಲೆ ಎತ್ತಬಾರದು ಎಂದು ದೊರೆಯ ಹೆಸರಿನಲ್ಲಿ ದೋಣಿ ನಿಲ್ಲುವ ದಕ್ಕೆಯ ಬಳಿ ಹಲಗೆ ನೆಟ್ಟಿತ್ತು. ಜನ ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದರೆಂದರೆ, ಬೆಸ್ತರು ಹುಲ್ಲಿನ ಟೋಪಿ ಮೂಗಿನ ತನಕ ಎಳೆದುಕೊಂಡು ಅಣ್ಣನ ಮೂತಿ ದಾಟುತ್ತಿದ್ದರು. ಆ ದಿನಗಳಲ್ಲಿ ದೋಣಿಗೆ ದೋಣಿ ಢಿಕ್ಕಿ ಹೊಡೆದು ಬೈಗುಳ ಹುಟ್ಟುತ್ತಿದ್ದವು, ಬೈಯುವಾಗಲೂ ತಲೆ ತಗ್ಗಿಸಿಯೇ ಬೈಯುತ್ತಿದ್ದರು. ಕೋಟೆ ನೋಡಿದರೆ ಕಣ್ಣಿಗೆ ಕುರು ಏಳುತ್ತದೆ ಎಂದು ತಾಯಂದಿರು ಮಕ್ಕಳಿಗೆ ಹೇಳುತ್ತಿದ್ದರು. ಯಾರ ಕಣ್ಣಿಗಾದರೂ ಕುರು ಎದ್ದರೆ ಊರೆಲ್ಲ ಅವರನ್ನು ನೋಡಿ ನಗುತ್ತಿತ್ತು.

ಯೋನೆ ಬಂದ ಮೇಲೆ ಪರದೆಗೆ ಒಂದು ಸುಧಾರಣೆಯಾಯಿತು. ಬಂದರಿನ ಬಾಯಲ್ಲಿ ಗಾಳಿಗೆ ಲಂಗುಲಗಾಮಿಲ್ಲ, ದಪ್ಪ ಬಟ್ಟೆಯನ್ನೂ ಎತ್ತಿ ಕಿಂಡಿಗಳನ್ನು ಬಯಲು ಮಾಡುತ್ತಿತ್ತು. ಅವಳು ತವರಿನಿಂದ ಬಲೆಯ ಅಂಚಿಗೆ ಕಟ್ಟುವ ಮಣ್ಣಿನ ಗುಂಡುಗಳನ್ನು ಬುಟ್ಟಿಗಟ್ಟಲೆ ತಂದು, ಪರದೆಯ ಕೆಳಗಿನ ಮಡಿಕೆಯಲ್ಲಿ ಒಂದೊಂದಾಗಿ ಇಟ್ಟು ಹೊಲಿದಳು. ಅಲ್ಲಿಂದ ಮುಂದೆ ಬಿರುಗಾಳಿಗೂ ಪರದೆ ಜಗ್ಗಲಿಲ್ಲ. ಬೆಸ್ತರ ಮನೆಯ ಸೊಸೆ ದೊರೆಯ ಪರದೆಯನ್ನು ಬಲೆ ಮಾಡಿಬಿಟ್ಟಳು ಎಂದು ತೋಕು ಮೂಗು ಮುರಿದಳು, ಮುರಿಯುತ್ತಲೇ ಗುಂಡು ಎತ್ತಿ ಎತ್ತಿ ಕೊಟ್ಟಳು.

ಇಷ್ಟಾದರೂ ಯೋನೆಗೆ ಒಂದು ವಿಷಯದಲ್ಲಿ ಸಮಾಧಾನವಿರಲಿಲ್ಲ. ಕೋಟೆ ಪೂರ್ತಿ ಬರಿಮೈಯಲ್ಲಿ ನಿಲ್ಲಬಾರದೆಂದು ಪರದೆಯನ್ನು ಅರ್ಧರ್ಧವಾಗಿ ತೊಳೆಯುವುದು ಕಟ್ಟಳೆ. ಈ ವಾರ ಎಡಗಡೆ, ಮುಂದಿನ ವಾರ ಬಲಗಡೆ. ನೀರು ಬೇರೆ, ಬಿಸಿಲು ಬೇರೆ, ಹಾಗಾಗಿ ಎರಡು ಅರ್ಧಗಳ ನೀಲಿಯೂ ಬೇರೆ. ಬೇರೆಯವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಯೋನೆಗೆ ಮಾತ್ರ ದೋಣಿಯಲ್ಲಿ ತವರಿಗೆ ಹೋಗುವಾಗಲೆಲ್ಲ ಕೋಟೆ ನೋಡಿದರೆ, ಎರಡು ಬಣ್ಣದ ಕಾಲ್ಚೀಲ ಹಾಕಿಕೊಂಡವನನ್ನು ನೋಡಿದ ಹಾಗೆ ಕಸಿವಿಸಿಯಾಗುತ್ತಿತ್ತು. ಅವಳಿಗೆ ಇಪ್ಪತ್ತೆಂಟಾದ ವರ್ಷ ಬಿಸಿಲು ಎಂದಿಗಿಂತ ಚೆನ್ನಾಗಿ ಬಿತ್ತು. ಒಂದೇ ಒಂದು ಸಲ ಪೂರ್ತಿ ಪರದೆ ಕೊಡಿ, ಒಂದೇ ದಿನ ಸಾಕು, ಒಂದೇ ನೀಲಿ ಮಾಡಿಕೊಡುತ್ತೇನೆ ಎಂದು ಹೇನಾಯನ ಬೆನ್ನು ಬಿದ್ದಳು. ಅವನು ಮೂರು ದಿನ ಆಗುವುದಿಲ್ಲ ಎಂದ. ನಾಲ್ಕನೆಯ ದಿನ ಬದನೆಗೆ ಹುಳ ಬಿದ್ದು ತಲೆ ಕೆಟ್ಟಿದ್ದ ಹೊತ್ತಿನಲ್ಲಿ ಹೂಂ ಎಂದುಬಿಟ್ಟ.

ಪರದೆ ತೊಳೆಯುವುದು ಊರಿನಲ್ಲಲ್ಲ. ಉಪ್ಪುಗಾಳಿ ತಾಗಬಾರದೆಂದು ಹೊಳೆಯ ಗುಂಟ ಎರಡು ಗಂಟೆಯ ದಾರಿ ಮೇಲೆ ಹೋಗಿ ಸಿಹಿನೀರಿನಲ್ಲಿ ಅದ್ದಬೇಕು. ಜಿನ್‌ಪಾಚಿ ಹನ್ನೆರಡು ಆಳುಗಳ ಜೊತೆ ಕತ್ತಲೆ ಹರಿಯುವ ಮೊದಲೇ ಹೊರಟ. ಯೋನೆ ಊರಲ್ಲೇ ಉಳಿದು ಹಗ್ಗಗಳಿಗೆ ಎಣ್ಣೆ ಹಚ್ಚುತ್ತಿದ್ದಳು. ಬಿಸಿಲೇರಿದ ಹೊತ್ತಿಗೆ ತಂಗಿಯ ಪೈನ್ ಮರದಿಂದ ಕಾವಲಿನವನ ಶಂಖ ಕೇಳಿಸಿತು. ತಲೆ ತಗ್ಗಿಸಿಕೊಂಡೇ ಕಡಲ ಕಡೆ ತಿರುಗಿದ ಜನಕ್ಕೆ ಕಂಡದ್ದು ಮೂರು ಕಂಬದ ಕಪ್ಪು ಹಡಗು. ಗಾಳಿ ಅದರ ಬೆನ್ನಿಗಿತ್ತು, ಒಂದೂವರೆ ಗಂಟೆಯಲ್ಲಿ ಬಂದರಿನ ಬಾಯಿಗೆ ಬರುವುದು ಖಂಡಿತ.

ಯೋನೆ ಎಣ್ಣೆಯ ಕೈಯಲ್ಲೇ ಕೋಟೆಯ ಕಡೆ ಓಡಿದಳು. ಗುಡ್ಡ ಹತ್ತಿ ಹೋದಾಗ ಹೇನಾಯ್ ಕಿಂಡಿಗಳ ಸಾಲನ್ನು ನೋಡುತ್ತ ನಿಂತಿದ್ದ. ಹದಿನಾಲ್ಕು ತೂತು, ಎರಡು ತೋಪು, ಗುಬ್ಬಿ ಗೂಡು, ಒಂಬತ್ತನೆಯದರಲ್ಲಿ ಕೊಂಬೆ ಬಗ್ಗುವಷ್ಟು ನೇರಳೆ ಬಣ್ಣದ ಬದನೆಕಾಯಿ. ಪರಂಗಿಯವರು ಇದನ್ನು ಕಂಡು ನಕ್ಕು ಒಳಗೆ ಬಂದರೆ ದೊರೆಯ ಮಾನ ಹೋಗುತ್ತದೆ, ದೊರೆಯ ಮಾನ ಹೋದರೆ ಕಟ್ಟಳೆ ಮುರಿದ ಅಧಿಕಾರಿ ಹೊಟ್ಟೆ ಸೀಳಿಕೊಳ್ಳಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವನು ಹಡಗಿನ ಹತ್ತಿರ ಹೋಗಿ, ಇಲ್ಲಿ ನಿಲ್ಲಬಾರದು, ನಾಗಸಾಕಿಗೆ ಹೋಗಿ ಎಂಬ ಕಾಗದ ಕೊಡಬೇಕಿತ್ತು. ಒಗೆದ ನಿಲುವಂಗಿ ಹಾಕಿಕೊಂಡಿದ್ದ, ತಲೆ ಬಾಚಿಕೊಂಡಿದ್ದ.

“ಯೋನೆ, ಸಂಜೆ ಬದನೆಗೆ ನೀರು ಹಾಕ್ಬಿಡು. ನಾನು ಬರೋದು ತಡ ಆಗ್ಬಹುದು,” ಎಂದ.

ಅವಳು ತನ್ನ ನೀಲಿ ಕೈಗಳನ್ನು ನೋಡಿಕೊಂಡಳು. ತಪ್ಪು ತನ್ನದು, ಹೋಗುವ ಜೀವ ಇವನದು. ಒಂದೇ ನೀಲಿ ಬೇಕೆಂದು ಹಟ ಹಿಡಿದ ತನ್ನ ಕೈಗಳನ್ನು ಕತ್ತರಿಸಿ ಹಾಕಬೇಕು ಅನ್ನಿಸಿತು. ಆದರೆ ಅಳುತ್ತ ಕೂರುವ ಜಾತಿಯವಳಲ್ಲ ಅವಳು. ಗುಡ್ಡದಿಂದ ಊರ ಕಡೆ ನೋಡಿದಳು. ಮಳೆಗಾಲದ ಮುಗ್ಗಲು ಹೋಗಲೆಂದು ಮನೆಮನೆಯವರೂ ಬಟ್ಟೆಬರೆ ಬಿಸಿಲಿಗೆ ಹಾಕುವ ದಿನಗಳು ಅವು. ಜಗಲಿ, ಬೇಲಿ, ಮೀನು ಒಣಗಿಸುವ ಚಪ್ಪರ, ಎಲ್ಲೆಲ್ಲೂ ಮದುವೆ ಹೊದಿಕೆಗಳು ಹರಡಿದ್ದವು. ಎಲ್ಲವೂ ನೀಲಿ, ಎಲ್ಲವೂ ಅವಳ ಮನೆಯ ಹಂಡೆಯಿಂದಲೇ ಎದ್ದವು.

ಆಮೇಲೆ ಆದದ್ದನ್ನು ಊರಿನ ಹೆಂಗಸರು ಬದುಕಿರುವ ತನಕ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು. ಯೋನೆ ಕೂಗುತ್ತ ಬೀದಿಯಲ್ಲಿ ಓಡಿದಳು, ಅವಳ ಹಿಂದೆ ನಲವತ್ತು ಹೆಂಗಸರು ಹೊದಿಕೆ ಹೊತ್ತು ಗುಡ್ಡ ಹತ್ತಿದರು. ಹಡಗು ಹತ್ತಿರವಾಗುತ್ತಿದ್ದರೂ ಯಾರ ಹೊದಿಕೆ ನಡುವೆ ಬರಬೇಕು ಎಂಬ ತಕರಾರು ಮಾತ್ರ ತಪ್ಪಲಿಲ್ಲ. ತನ್ನ ಕೊಕ್ಕರೆ ಮೂಲೆ ಸೇರಿತೆಂದು ಒಬ್ಬಳಿಗೆ ಕೋಪ, ಪಕ್ಕದವಳ ಸಿಗಡಿ ತನ್ನ ಬಿದಿರನ್ನು ಮುಚ್ಚಿತೆಂದು ಇನ್ನೊಬ್ಬಳಿಗೆ. ಎಲ್ಲರಿಗಿಂತ ಕೊನೆಗೆ ಏದುಸಿರು ಬಿಡುತ್ತ ಬಂದವಳು ತೋಕು. ನಲವತ್ತು ವರ್ಷದಲ್ಲಿ ಅವಳ ಹೊದಿಕೆಯನ್ನು ಇನ್ನೊಬ್ಬರು ಮುಟ್ಟಿದ್ದಿಲ್ಲ.

“ತಗೋ. ನನ್ನ ಆಮೇನ ನಟ್ಟನಡುವೆ ಕಟ್ಟು. ಮೂಲೇಲಿ ಕಟ್ಟಿದ್ರೆ ಹೆಣವಾದ ಮೇಲೂ ಬಂದು ಬೈತೀನಿ ನಿನ್ನ,” ಎಂದಳು.

ನಡುವಿಗೆ ಹತ್ತಿರ ಉಳಿದಿದ್ದ ಜಾಗ ಒಂಬತ್ತನೇ ಕಿಂಡಿ. ಆಮೆ ಅಲ್ಲಿ ಕೂತಿತು. ಹದಿನಾಲ್ಕು ಕಿಂಡಿಗಳೂ ಮುಚ್ಚಿಹೋದವು. ಹೇನಾಯ್ ಒಂದು ಸಲ ಆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿ, ಸೊಂಟ ಬಗ್ಗಿಸಿ ಹೆಂಗಸರಿಗೆಲ್ಲ ನಮಸ್ಕಾರ ಮಾಡಿದ. ಸಮುರಾಯ್ ಒಬ್ಬ ತಮಗೆ ತಲೆ ಬಾಗಿದ್ದನ್ನು ಕಂಡು ಅವರು ಗಾಬರಿಯಿಂದ ಗುಡ್ಡ ಇಳಿದರು. ಅವನೂ ದೋಣಿಗೆ ಹೋದ. ಹಗ್ಗ ನೋಡಿಕೊಳ್ಳಲು ಯೋನೆ ಒಬ್ಬಳೇ ಉಳಿದಳು.

ಹಡಗು ಬಾಯಿಯ ಹೊರಗೆ ಲಂಗರು ಹಾಕಿತು. ಹೇನಾಯನ ದೋಣಿ ಅದರ ಪಕ್ಕ ಹೋಗಿ ನಿಂತಿತು. ಹಡಗಿನ ಮೇಲೆ ಒಬ್ಬ ಮನುಷ್ಯ ಪೀಪಾಯಿಯ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಕೋಟೆ ನೋಡುತ್ತ ಏನೋ ಬರೆಯುತ್ತಿದ್ದದ್ದು ಯೋನೆಗೆ ಹೊದಿಕೆಯ ಸಂದಿಯಿಂದ ಕಂಡಿತು. ಅಷ್ಟರಲ್ಲಿ ಗಾಳಿ ತಿರುಗಿತು. ಹೊದಿಕೆಗಳ ಅಂಚಿನಲ್ಲಿ ಮಣ್ಣಿನ ಗುಂಡುಗಳಿರಲಿಲ್ಲ. ತೋಕುವಿನ ಆಮೆ ಒಮ್ಮೆ ಉಬ್ಬಿತು, ಎರಡನೆಯ ಸಲ ಹಗ್ಗ ಹರಿದುಕೊಂಡು ಗೋಡೆ ಹಾರಿ, ಬಂದರಿನ ಬಾಯಿಯ ಮೇಲೆ ಒಂದು ಸುತ್ತು ತಿರುಗಿ, ಮೆಲ್ಲಗೆ ಕಡಲಿಗಿಳಿಯಿತು.

ಒಂಬತ್ತನೇ ಕಿಂಡಿ ಬಯಲಾಯಿತು. ಯೋಚಿಸಲು ಹೊತ್ತಿರಲಿಲ್ಲ. ಯೋನೆ ಬದನೆಗಿಡಗಳನ್ನು ದಾಟಿ ಕಿಂಡಿಯೊಳಗೆ ನುಗ್ಗಿ, ಕಡಲಿಗೆ ಮುಖ ಮಾಡಿ, ಎರಡೂ ತೋಳು ಚಾಚಿ ನಿಂತುಬಿಟ್ಟಳು. ನಿಲುವಂಗಿಯ ತೋಳುಗಳು ಗಾಳಿಗೆ ಉಬ್ಬಿದವು. ಬೆನ್ನ ಹಿಂದೆ ಬದನೆಕಾಯಿಗಳು ಒತ್ತುತ್ತಿದ್ದವು. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ತಾನು ನೋಡದಿದ್ದರೆ ಅವರೂ ನೋಡುವುದಿಲ್ಲ ಎಂಬ ಎಳೆಯ ಮಕ್ಕಳ ನಂಬಿಕೆಯೋ, ತೊಳೆಯುವ ದಿನದ ಕಟ್ಟಳೆಯೋ, ಅವಳಿಗೇ ಗೊತ್ತಿರಲಿಲ್ಲ. ತೋಳು ಮರಗಟ್ಟಿ ನಡುಗುವ ತನಕ ಹಾಗೇ ನಿಂತಳು. ಕಣ್ಣು ತೆರೆದಾಗ ಇಳಿತದ ನೀರು ಹೊರಗೆ ಹರಿಯುತ್ತಿತ್ತು, ಹಡಗು ಬೆನ್ನು ತಿರುಗಿಸಿತ್ತು.

ಹೇನಾಯ್ ವಾಪಸು ಬಂದಾಗ ಅವಳು ಬದನೆಗೆ ನೀರು ಹಾಕುತ್ತಿದ್ದಳು. ಅವನು ಜೀವಸಹಿತ ಬಂದದ್ದನ್ನು ಕಂಡು ಅಲ್ಲೇ ಕುಸಿದು ಕೂತು ಗಳಗಳನೆ ಅತ್ತಳು. ಒಂಬತ್ತನೆಯದು ಬಯಲಾಗಿತ್ತು ಒಡೆಯಾ, ನನ್ನ ಮೈ ಸಾಲದು, ಎಡಕ್ಕೂ ಬಲಕ್ಕೂ ಸಂದು ಉಳಿದಿತ್ತು, ಅವರು ನೋಡಿರುತ್ತಾರೆ ಎಂದಳು. ಹೇನಾಯ್ ಅವಳ ಕೊಡವನ್ನು ಎತ್ತಿಟ್ಟ. ತಾನು ಹಡಗಿನ ಕಡೆ ಮುಖ ಮಾಡಿ ಕೂತಿದ್ದೆ, ಕೋಟೆ ನೋಡಲಿಲ್ಲ ಎಂದ. ಆಮೇಲೆ ನಾಲ್ಕು ಬದನೆಕಾಯಿ ಕಿತ್ತು ಅವಳ ಮಡಿಲಿಗೆ ಹಾಕಿದ.

ಹಡಗು ಬಂದದ್ದೂ ಹೆಂಗಸರು ಕೋಟೆಗೆ ಹೊದಿಕೆ ಕಟ್ಟಿದ್ದೂ ಗಾಳಿಮಾತಾಗಿ ದೊರೆಯ ಊರಿಗೆ ಮುಟ್ಟಿ, ಒಂಬತ್ತು ದಿನಕ್ಕೆ ಅಲ್ಲಿಂದ ತನಿಖೆಯವನು ಬಂದ. ಬಿಳಿ ಕುದುರೆ, ಬಿಗಿದ ತುಟಿ. ದಕ್ಕೆಯಲ್ಲಿ ಚಾಪೆ ಹಾಸಿಸಿ ಕೂತು ಊರವರನ್ನು ಒಬ್ಬೊಬ್ಬರಾಗಿ ಕರೆಸಿದ. ಹಡಗು ಬಂದ ದಿನ ಕೋಟೆಗೆ ಪರದೆ ಇತ್ತೇ ಇಲ್ಲವೇ, ಇದೊಂದೇ ಪ್ರಶ್ನೆ. ಇರಲಿಲ್ಲ ಎಂದು ಒಬ್ಬರು ಹೇಳಿದರೂ ಹೇನಾಯನ ಕಥೆ ಮುಗಿಯುತ್ತಿತ್ತು. ಯೋನೆ ಜನರ ಹಿಂದೆ ನಿಂತು ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ಮೊದಲು ಬಂದ ಮುದಿ ಬೆಸ್ತ, ತನಗೆ ಗೊತ್ತಿಲ್ಲ, ಅದು ತೊಳೆಯುವ ದಿನವಾಗಿತ್ತು, ತಾನು ತಲೆ ಎತ್ತಲಿಲ್ಲ ಎಂದ. ಎರಡನೆಯವನೂ ಅದನ್ನೇ ಅಂದ. ಹತ್ತನೆಯವನೂ ಅದನ್ನೇ ಅಂದ. ಇಪ್ಪತ್ತನೆಯವನು ಟೋಪಿ ಎಳೆದುಕೊಂಡು ದೋಣಿ ಹೇಗೆ ನಡೆಸಿದೆ ಎಂದು ಅಭಿನಯಿಸಿ ತೋರಿಸಿ, ಎಡವಿ ಚಾಪೆಯ ಮೇಲೆ ಬಿದ್ದ. ತನಿಖೆಯವನು ದಕ್ಕೆಯ ಹಲಗೆಯನ್ನು ಓದಿಸಿ ನೋಡಿದ. ಅಪ್ಪಣೆ ದೊರೆಯದೇ, ಅದರಲ್ಲಿ ಅನುಮಾನವಿರಲಿಲ್ಲ.

ಹಾಗಾದರೆ ಹೊದಿಕೆ ಕಟ್ಟಿದ ಹೆಂಗಸರು ಯಾರು, ಅವರಾದರೂ ನೋಡಿರಲೇಬೇಕಲ್ಲ ಎಂದು ಅವನು ಗದರಿದ. ತೋಕು ಕರೆಯದೆಯೇ ಮುಂದೆ ಬಂದು ಕೂತಳು.

“ಬಿಸಿಲಿಗೆ ಹಾಕಿದ್ದು ಒಡೆಯಾ. ಮೇಲೆ ಗಾಳಿ ಚೆನ್ನಾಗಿದೆ ಅಂತ ಒಯ್ದ್ವಿ. ನಾನು ನನ್ನ ಹೊದಿಕೆ ನೋಡ್ತಾ ಇದ್ದೆ, ಪಕ್ಕದವಳು ಅವಳದನ್ನ ನೋಡ್ತಾ ಇದ್ಲು. ಮದುವೆ ಹೊದಿಕೆ ಕೈಯಲ್ಲಿ ಇದ್ದಾಗ ಯಾವ ಹೆಂಗ್ಸು ಕಲ್ಲುಗೋಡೆ ನೋಡ್ತಾಳೆ? ನಿಮ್ಮನೇಲಿ ಕೇಳಿ ನೋಡಿ.”

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಗುವನ್ನು ನುಂಗುವುದಕ್ಕೆ ಅದೊಂದೇ ದಾರಿ. ತೋಕು ಅಷ್ಟಕ್ಕೇ ಬಿಡದೆ, ತನ್ನ ಹೊದಿಕೆ ಕಡಲು ಸೇರಿತು, ದೊರೆಯ ಗಾಳಿಯೇ ಹಾರಿಸಿಕೊಂಡು ಹೋಗಿದ್ದು, ಇದಕ್ಕೇನು ನ್ಯಾಯ ಎಂದು ಅವನನ್ನೇ ವಿಚಾರಣೆ ಮಾಡತೊಡಗಿದಳು.

ತನಿಖೆಯವನು ಕೊನೆಗೆ ಗುಡ್ಡ ಹತ್ತಿದ. ಪರದೆ ಅಷ್ಟು ಹೊತ್ತಿಗೆ ಮೇಲೇರಿತ್ತು. ಆ ತುದಿಯಿಂದ ಈ ತುದಿಗೆ ಒಂದೇ ನೀಲಿ. ಅದನ್ನು ಸರಿಸಿ ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಹದಿನಾಲ್ಕು ತೋಪು ಕ್ಷೇಮ ಎಂಬ ಕಾಗದಗಳಿಗೆ ವರ್ಷ ವರ್ಷವೂ ಮುದ್ರೆ ಒತ್ತಿದ್ದು ಅವನದೇ ಕಚೇರಿ. ಈಗ ಬದನೆಯ ವಿಷಯ ಬರೆದರೆ ಮೊದಲು ಉತ್ತರ ಹೇಳಬೇಕಾದವರ ಸಾಲಿನಲ್ಲಿ ಅವನೂ ಇದ್ದ. ಹೇನಾಯ್ ಬದನೆಯನ್ನು ಕೆಂಡದಲ್ಲಿ ಸುಟ್ಟು, ಸೋಯಾ ಕಾಳಿನ ಮಿಸೊ ಸವರಿ ಮುಂದಿಟ್ಟ. ತನಿಖೆಯವನು ಎರಡು ತಿಂದ, ಮೂರನೆಯದಕ್ಕೆ ಕೈ ಹಾಕಿದ. ಆಮೇಲೆ ಬರೆಸಿದ್ದು ಇಷ್ಟು: ‘ಆ ದಿನ ಕೋಟೆಗೆ ಪರದೆ ಇತ್ತು. ಚಿತ್ತಾರ ಮಾತ್ರ ಕಟ್ಟಳೆಯ ಪ್ರಕಾರ ಇರಲಿಲ್ಲ.’ ಚಿತ್ತಾರದ ತಪ್ಪಿಗೆ ಹೇನಾಯ್ ಹತ್ತು ದಿನ ಮನೆ ಬಿಟ್ಟು ಹೊರಗೆ ಬರಬಾರದೆಂದು ಶಿಕ್ಷೆಯಾಯಿತು. ಬದನೆಯ ಸುಗ್ಗಿಯಲ್ಲಿ ಹತ್ತು ದಿನ ಎಂದರೆ ಅವನಿಗೆ ಅದೇ ದೊಡ್ಡ ಸಂಕಟ. ಆ ಹತ್ತೂ ದಿನ ಯೋನೆ ಗುಡ್ಡ ಹತ್ತಿ ನೀರು ಹಾಕಿದಳು.

ಊರು ಗೆದ್ದಿತು, ಮೂರು ದಿನ ಅಕ್ಕಿಹೆಂಡ ಕುಡಿದು ಕುಣಿಯಿತು. ಆದರೆ ಯೋನೆಯ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದೇ ಉಳಿಯಿತು. ಊರವರು ನೋಡಲಿಲ್ಲ, ಸರಿ. ಪೀಪಾಯಿಯ ಮೇಲೆ ಕೂತಿದ್ದ ಆ ಮನುಷ್ಯ ನೋಡಿದನೇ? ತೊಬಿಸೆಯ ಬದನೆಕಾಯಿ ದೂರದ ಯಾವುದೋ ದೇಶದಲ್ಲಿ ನಗೆಪಾಟಲಾಗಿದೆಯೇ? ಪರದೆ ಕಾಯುವುದು ಅವಳ ಕೆಲಸ, ಆ ಕೆಲಸ ಆ ಒಂದು ದಿನ ಕೈಕೊಟ್ಟಿತೋ ಇಲ್ಲವೋ ಅವಳಿಗೆ ಗೊತ್ತಾಗಬೇಕಿತ್ತು. ಕೇಳುವುದು ಯಾರನ್ನು?

ಕಾಲ ಯಾರಿಗೂ ಕಾಯಲಿಲ್ಲ. ದೊರೆಗಳು ಹೋದರು, ಸಮುರಾಯ್‌ಗಳು ಕತ್ತಿ ಬಿಚ್ಚಿಟ್ಟರು. ಎರಡು ತೋಪುಗಳನ್ನು ಸರಕಾರದವರು ಬಂದು ಒಯ್ಯುವಾಗ ಗುಬ್ಬಿಗಳು ಗಲಾಟೆ ಎಬ್ಬಿಸಿದವು. ತಂಗಿಯ ನೆತ್ತಿಯ ಮೇಲೆ, ಪೈನ್ ಮರದ ಪಕ್ಕ, ದೀಪದ ಗೋಪುರ ಎದ್ದಿತು. ಹೊಗೆ ಹಡಗುಗಳು ಕೋಟೆಯ ಕಡೆ ತಿರುಗಿಯೂ ನೋಡದೆ ಒಳಗೆ ಬಂದು ಹೋಗತೊಡಗಿದವು. ತೋಕು ಎಂಬತ್ತೇಳಕ್ಕೆ ಸತ್ತಳು, ಸಾಯುವ ಹಿಂದಿನ ದಿನವೂ ತನ್ನ ಆಮೆ ಈಗ ಯಾವ ಕಡಲಲ್ಲಿದೆಯೋ ಎಂದು ಸೊಸೆಯನ್ನು ಚುಚ್ಚಿದಳು. ಆಮೆ ತಾನೇ ಅತ್ತೆ, ಈಜು ಬರುತ್ತೆ ಎಂದು ಯೋನೆ ಸಮಾಧಾನ ಹೇಳಿದಳು. ಹೇನಾಯ್ ಮಾತ್ರ ಎಲ್ಲಿಗೂ ಹೋಗಲಿಲ್ಲ. ಕೇಳುವವರಿಲ್ಲದ ಕೋಟೆಯಲ್ಲಿ ಹದಿನಾಲ್ಕು ಕಿಂಡಿಗಳಿಗೂ ಬದನೆ ಹಾಕಿದ. ಎಂಬತ್ತು ದಾಟಿದ ಮೇಲೂ ಮೊದಲ ಕೊಯ್ಲು ಪ್ರತಿ ವರ್ಷ ಬಣ್ಣಗಾರರ ಮನೆಗೆ ತಪ್ಪದೆ ಬರುತ್ತಿತ್ತು.

ಯೋನೆಗೆ ಅರವತ್ತು ತುಂಬಿದ ಬೇಸಿಗೆಯಲ್ಲಿ ಶಾಲೆಯ ಹೊಸ ಮೇಷ್ಟ್ರು ಕುರಾತಾ ನಾಗಸಾಕಿಗೆ ಹೋಗಿದ್ದವನು, ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಪರಂಗಿ ಚಿತ್ರವೊಂದನ್ನು ತಂದ. ವಾಲಿದ ಪೈನ್ ಮರ ನೋಡಿ ಇದು ತೊಬಿಸೆಯೇ ಎಂದು ಗುರುತು ಹಿಡಿದಿದ್ದ. ಕೋಟೆಯ ಮೇಲೆ ಇದೇನೋ ವಿಚಿತ್ರವಿದೆ, ನಿಮಗೆ ಗೊತ್ತಿರಬಹುದು ಅಜ್ಜಿ ಎಂದು ಹಾಳೆ ಬಿಡಿಸಿದ. ಯೋನೆ ಫಕ್ಕನೆ ಮುಖ ತಿರುಗಿಸಿಕೊಂಡಳು.

“ಮಡಚಿ ಮೇಷ್ಟ್ರೇ. ತೊಳೆಯೋ ದಿನದ ಕೋಟೆ ಅದು, ನಾನು ನೋಡಬಾರದು,” ಎಂದಳು.

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಅವಳು ಮಡಚಿದ ಹಾಳೆಯನ್ನು ಎದೆಗೊತ್ತಿಕೊಂಡು, ಮೂರು ಕಡೆ ಕೂತು ದಣಿವಾರಿಸಿಕೊಂಡು, ಅಣ್ಣನ ಗುಡ್ಡ ಹತ್ತಿದಳು. ಹೇನಾಯ್ ಒಂಬತ್ತನೇ ಕಿಂಡಿಯಲ್ಲಿ ಕೂತು ಹುಳ ಆಯುತ್ತಿದ್ದ. ವಿಷಯ ಕೇಳಿದವನು ಕೈ ತೊಳೆದು, ಕನ್ನಡಕ ಹಾಕಿಕೊಂಡು, ಒಗೆದ ನಿಲುವಂಗಿ ತೊಟ್ಟು ಬಂದು ಕೂತ. ಯೋನೆ ಎರಡೂ ನೀಲಿ ಕೈಗಳಿಂದ ಕಣ್ಣು ಮುಚ್ಚಿಕೊಂಡಳು. ಹಾಳೆ ಬಿಚ್ಚುವ ಸದ್ದಾಯಿತು. ಅವನು ಎಡದಿಂದ ಶುರುಮಾಡಿ ಒಂದೊಂದಾಗಿ ಹೇಳಿದ. ಮೊದಲನೆಯದರಲ್ಲಿ ಕೊಕ್ಕರೆ. ಎರಡರಲ್ಲಿ ಬಿದಿರು. ಮೂರರಲ್ಲಿ ಸಿಗಡಿ, ಮೀಸೆ ಸಮೇತ. ಎಂಟರ ತನಕ ಹೇಳಿ ನಿಂತುಬಿಟ್ಟ.

“ಒಂಬತ್ತರಲ್ಲಿ ಏನಿದೆ ಒಡೆಯಾ?”

“ಬದನೆ ಇಲ್ಲ.”

“ಮತ್ತೆ?”

“ನೀನಿದೀಯ.”

ಯೋನೆ ಕಣ್ಣಿನ ಮೇಲಿಂದ ಕೈ ತೆಗೆದಳು. ಉಗುರಿನಷ್ಟು ಎತ್ತರದ ಹೆಂಗಸು, ತೋಳು ಚಾಚಿ, ಅಂಗಿಯ ತೋಳುಗಳ ತುಂಬ ಗಾಳಿ ತುಂಬಿಕೊಂಡು ಕಿಂಡಿಯಲ್ಲಿ ನಿಂತಿದ್ದಾಳೆ. ಕೊಕ್ಕರೆ ಸಿಗಡಿಗಳಿಗಿಂತ ಹೆಚ್ಚು ಅಕ್ಕರೆಯಿಂದ ಅವಳನ್ನು ಬರೆದಿದ್ದ ಆ ಮನುಷ್ಯ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಒಂದು ಎಲೆ ಕೂಡ ಕಾಣುತ್ತಿರಲಿಲ್ಲ. ಅವನು ಅವಳನ್ನೇ ನೋಡಿದ್ದ, ಬೇರೇನನ್ನೂ ನೋಡಿರಲಿಲ್ಲ. ಮೂವತ್ತೆರಡು ವರ್ಷದ ಮುಳ್ಳು ಕಳಚಿ ಬಿದ್ದು ಯೋನೆಯ ಮೈಯೆಲ್ಲ ಹಗುರವಾಯಿತು, ಕಣ್ಣೀರು ಗಲ್ಲದಿಂದ ಇಳಿಯತೊಡಗಿತು. ಹಾಳೆಯ ಹಿಂದೆ ಮೇಷ್ಟ್ರು, ಪರಂಗಿ ಭಾಷೆಯ ಬರಹವನ್ನು ನಾಡಿನ ಭಾಷೆಗೆ ತಿರುಗಿಸಿ ಬರೆದು ಅಂಟಿಸಿದ್ದ. ಹೇನಾಯ್ ಅದನ್ನು ಓದಿದ. ‘ಬಂದರಿನ ಬಾಯಿಗೆ ಬಲವಾದ ಕೋಟೆಯಿದೆ. ತೋಪುಗಳನ್ನು ಎಣಿಸಲು ಸಾಧ್ಯವಾಗಲಿಲ್ಲ.’

“ನನ್ನನ್ನ ಕೇಳಿದ್ರೆ ಹೇಳ್ತಿದ್ದೆ, ಹದಿನಾಲ್ಕು ಅಂತ,” ಎಂದ.

ಯೋನೆ ಕಣ್ಣೊರೆಸಿಕೊಂಡು ಚಿತ್ರವನ್ನು ಮೂಗಿನ ಹತ್ತಿರ ಹಿಡಿದಳು. “ಅಲ್ಲ, ತೋಳು ಯಾಕೆ ಇಷ್ಟು ದಪ್ಪ ಬರ್ದಿದಾನೆ ಇವನು?”

“ಪಾಪ, ಇದ್ದದ್ದನ್ನ ಬರ್ದಿದಾನೆ.”

ಇಬ್ಬರೂ ಪಕ್ಕೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಸುಸ್ತಾಗುವಷ್ಟರಲ್ಲಿ ಸಂಜೆಯ ಬಿಸಿಲು ಅಣ್ಣ ತಂಗಿಯರ ನಡುವಿನಿಂದ ಒಳಗೆ ಬಂದು, ಊರಿನ ಮಾಡುಗಳ ಮೇಲೆ ಬಿದ್ದಿತ್ತು. ಬದನೆಗೆ ನೀರು ಹಾಕುವ ಹೊತ್ತಾಗಿತ್ತು. ಯೋನೆ ಕೊಡ ಎತ್ತಿಕೊಂಡಳು, ಹೇನಾಯ್ ಅವಳ ಹಿಂದೆ ನೀರು ಹೊಯ್ಯುವ ಸೌಟು ಹಿಡಿದು ನಡೆದ.